ಕಲಗಚ್ಚು ಮುಟ್ಟದ ಎಮ್ಮೆ

ಅಮ್ಮ ಊರಿಂದ ಬಂದು ಮೂರು ದಿನ ಆಗಿತ್ತು. ಬಂದಾಗಿನಿಂದ್ಲೂ ರಾತ್ರಿ ಊಟಕ್ಕೆ ಕೂತಾಗ "ನಂಗೆ ಹಿಟ್ಟು ಬ್ಯಾಡ ಕಣೋ, ಒಂಚೂರು ಅನ್ನ ಮಜ್ಜಿಗೆ ಸಾಕು" ಅಂತಿದ್ಲು. (ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಾರೆ.) ಬಲಸಮುದ್ರದ ಹೆಂಗಸು ರಾತ್ರಿ ಹೊತ್ತು ಹಿಟ್ಟು ಬೇಡ ಅಂದ್ರೆ ಏನೋ ಇದೆ ಅಂತ್ಲೇ ಅರ್ಥ. ನಾನು ಪ್ರಯಾಣದ ಸುಸ್ತು ಅಂದ್ಕೊಂಡೆ. ನಾಲ್ಕನೇ ದಿನ ನೋಡ್ತೀನಿ, ಮೊಸರನ್ನಾನೂ ಚಮಚದಲ್ಲಿ ತಿಂತಿದಾಳೆ!

ನಾನು ಹುಟ್ಟಿದಾಗಿನಿಂದ ಅಮ್ಮ ಚಮಚದಲ್ಲಿ ಉಂಡಿದ್ದನ್ನ ನೋಡಿಲ್ಲ.

"ಎಲ್ಲಿ, ಕೈ ತೋರ್ಸು" ಅಂದೆ. "ಏನಿಲ್ಲ ಬಿಡಪ್ಪ" ಅಂತ ಸೆರಗಿನೊಳಗೆ ಕೈ ಎಳ್ಕೊಂಡ್ಲು. ನನ್ನಾಕೆ ಪಕ್ಕದಲ್ಲಿ ಕೂತು ಮೆಲ್ಲಗೆ ಬಿಡಿಸಿ ನೋಡಿದ್ರೆ..... ಬೆರಳ ಸಂದಿಯೆಲ್ಲ ಕೆಂಪಗೆ, ಸಿಪ್ಪೆ ಸುಲಿದ ಹಾಗೆ. ತುದಿಯಲ್ಲಿ ಬ್ಲೇಡಲ್ಲಿ ಗೀರಿದಂಥ ಸೀಳು. ಹೆಬ್ಬೆರಳಿನ ಸೀಳಲ್ಲಿ ರಕ್ತ ಒಣಗಿತ್ತು. ಬಿಸಿ ಹಿಟ್ಟು ಮುರಿಯೋಕೆ, ಖಾರದ ಸಾರಲ್ಲಿ ಅದ್ದೋಕೆ ಆ ಕೈಲಿ ಹೇಗಾಗ್ಬೇಕು?

"ಎಷ್ಟು ದಿನದಿಂದ ಹಿಂಗಿದೆ?"

"ಯುಗಾದಿಯಿಂದ ಇರ್ಬೇಕು. ಮುಸುರೆ ತಿಕ್ಕೋ ಕೈ ಅಲ್ವಾ, ಇರ್ತದೆ ಬಿಡು."

ಆಗ ಶ್ರಾವಣ ನಡೀತಿತ್ತು. ಲೆಕ್ಕ ಹಾಕಿದ್ರೆ ನಾಲ್ಕೈದು ತಿಂಗಳು!

ಮಾರನೇ ದಿನ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವರು ನೋಡಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ, "ಪಾತ್ರೆ ಯಾವುದರಲ್ಲಿ ತೊಳೀತೀರಮ್ಮ?" ಅಮ್ಮ "ಸೋಪಿನ ನೀರಲ್ಲಿ" ಅಂದ್ಲು. ಡಾಕ್ಟ್ರು ಮುಲಾಮು ಬರೆದುಕೊಟ್ಟು "ಒಂದು ತಿಂಗಳು ಪಾತ್ರೆ ತೊಳೀಬೇಡಿ" ಅಂದ್ರು. ಅಮ್ಮ ಅಲ್ಲೇ ನಕ್ಕುಬಿಟ್ಲು. ಹೊರಗೆ ಬಂದ ಮೇಲೆ "ಆವಯ್ಯ ಅವರ ಮನೇಲಿ ಯಾವತ್ತೂ ಮುಸುರೆ ತಿಕ್ಕಿಲ್ಲ ಅಂತ ಕಾಣ್ತದೆ" ಅಂದ್ಲು. ಹ್ಹ ಹ್ಹ.... ನಾನು ನಕ್ಕೆ. ಆಮೇಲೆ ನಾನೂ ಊರಲ್ಲಿದ್ದಾಗ ಯಾವತ್ತೂ ತಿಕ್ಕಿಲ್ಲ ಅನ್ನೋದು ನೆನಪಾಗಿ ಸುಮ್ಮನಾದೆ.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಯುಗಾದಿ ಹೊತ್ತಿಗೆ ಗಾಡಿಯಲ್ಲಿ ಮಾರ್ಕೊಂಡು ಬಂದವನ ಹತ್ರ ಐದು ಲೀಟರಿನ ಕ್ಯಾನು ತಗೊಂಡಿದ್ದನಂತೆ. ಹಳದಿ ಬಣ್ಣ, ನಿಂಬೆಹಣ್ಣಿನ ಘಮ, ಒಂದು ತೊಟ್ಟಿಗೆ ಬಕೆಟ್ಟು ತುಂಬ ನೊರೆ. ಲೇಬಲ್ಲು? ಇಲ್ಲ. ಅಂಥ ಕ್ಯಾನು ಈಗ ಎಲ್ಲಾ ಊರಲ್ಲೂ ಸಿಗುತ್ತೆ. ಮಾತಿನ ಮಧ್ಯೆ ಅವನು ಇನ್ನೊಂದು ವಿಷಯ ಹೇಳಿದ. "ಅದೇ ಟೈಮಿಂದ ಎಮ್ಮೆ ಕಲಗಚ್ಚು ಮುಟ್ತಿಲ್ಲ ಕಣಣ್ಣ. ಮೂಸಿ ನೋಡಿ ಮುಖ ತಿರುಗಿಸ್ತದೆ."

ಪೇಟೆಯಲ್ಲೇ ಬೆಳೆದವರಿಗೆ ಕಲಗಚ್ಚು ಗೊತ್ತಿಲ್ದೆ ಇರಬಹುದು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಹಿಟ್ಟಿನ ತಪ್ಪಲೆ ನೆನೆಸಿಟ್ಟ ನೀರು, ತರಕಾರಿ ಸಿಪ್ಪೆ, ಪಾತ್ರೆ ಗಲಬರಿಸಿದ ನೀರು ಎಲ್ಲ ಸೇರಿ ಒಂದು ಬಾನಿಯಲ್ಲಿ ತುಂಬಿರುತ್ತೆ. ಸಂಜೆ ಅದು ದನಕ್ಕೆ. ನಾನು ಚಿಕ್ಕವನಿದ್ದಾಗ ಪಾತ್ರೆ ತಿಕ್ಕೋಕೆ ಇದ್ದದ್ದು ಒಲೆ ಬೂದಿ ಮತ್ತು ತೆಂಗಿನ ಗುಂಜು. ಹಿತ್ತಾಳೆ ತಾಮ್ರಕ್ಕೆ ಹುಣಸೇಹಣ್ಣು. ಮಧುಗಿರಿ, ಶಿರಾ, ಪಾವಗಡದ ಕಡೆ ಹುಣಸೇಮರಕ್ಕೇನು ಬರ? ಆಮೇಲೆ ಸಬೀನ ಪುಡಿ ಬಂತು, ಆಮೇಲೆ ಹಸಿರು ಬಿಲ್ಲೆ, ಈಗ ಲಿಕ್ವಿಡ್ಡು.

"ಹಳೇ ಕಾಲವೇ ಚೆನ್ನಾಗಿತ್ತು, ಬೂದಿಗೇ ವಾಪಸ್ ಹೋಗೋಣ" ಅಂತ ನಾನು ಭಾಷಣ ಶುರು ಮಾಡಿದೆ. ಅಮ್ಮ ಅರ್ಧಕ್ಕೇ ನಿಲ್ಲಿಸಿದ್ಲು. "ಬೂದೀಲೂ ಕೈ ಒಡೀತಿತ್ತು ಕಣೋ. ನಿಮ್ಮಜ್ಜಿ ರಾತ್ರಿ ಮಲಗೋವಾಗ ಹರಳೆಣ್ಣೆ ಹಚ್ಕೊಂಡು ಮಲಗ್ತಿದ್ಲು. ನಿಂಗೇನ್ ಗೊತ್ತು."

ಸರಿ, ಓದೋಕೆ ಕೂತೆ. ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತೆ. (ಪೊಟ್ಯಾಸಿಯಂ ಅನ್ನೋ ಹೆಸರು ಹುಟ್ಟಿದ್ದೇ ಮಡಕೆಯ ಬೂದಿ ಅನ್ನೋ ಅರ್ಥದ ಪೊಟ್ಯಾಷ್ ಪದದಿಂದ.) ಅದು ಕ್ಷಾರ. ಪಾತ್ರೆಯ ಜಿಡ್ಡಿನ ಒಂದಷ್ಟು ಭಾಗವನ್ನ ಅಲ್ಲೇ ಸಾಬೂನು ಮಾಡಿ ಬಿಡಿಸುತ್ತೆ. ಆದ್ರೆ ಬೂದಿ ನೀರಿನ ಪಿಎಚ್ ಹತ್ತು ದಾಟುತ್ತೆ, ನಮ್ಮ ಚರ್ಮದ್ದು ಐದರ ಆಸುಪಾಸು. ಪಾತ್ರೆ ಜಿಡ್ಡು ತೆಗೆಯೋ ಬೂದಿ ಕೈ ಜಿಡ್ಡು ಬಿಡುತ್ತಾ? ಹುಣಸೇಹಣ್ಣಿನ ಕೆಲಸ ಬೇರೆ, ಅದರ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬು ಕರಗಿಸುತ್ತೆ ಅಷ್ಟೆ, ಎಣ್ಣೆ ತೆಗೆಯಲ್ಲ.

ಹಾಗಿದ್ರೆ ಸಾದಾ ಸಾಬೂನು? ಅಲ್ಲಿ ನಮ್ಮೂರ ನೀರು ಅಡ್ಡ ಬರುತ್ತೆ. ಹಿಂದೆ ದೊಡ್ಡ ಕೆರೆ ಕಟ್ಟಿಸಿದ್ರೆ ಸಮುದ್ರ ಅಂತ ಹೆಸರಿಡ್ತಿದ್ರು. ನಮ್ಮೂರ ಹೆಸರಲ್ಲೂ ಸಮುದ್ರ ಇದೆ, ಆದ್ರೆ ಮನೆಗೆ ಬರೋದು ಬೋರ್‌ವೆಲ್ ನೀರು. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು, ಜೊತೆಗೆ ಗಡಸು. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ರೆ 600ರ ತನಕ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ನೊರೆ ಬರೋ ಬದಲು ಬಿಳಿ ಗಸಿ ಆಗಿ ಪಾತ್ರೆಗೇ ಅಂಟುತ್ತೆ. ಡಿಟರ್ಜೆಂಟಿಗೆ ಆ ತೊಂದರೆ ಅಷ್ಟಿಲ್ಲ. ಹಳ್ಳಿ ಹಳ್ಳಿಗೂ ಅದು ಹೊಕ್ಕಿದ್ದು ಬರೀ ಟಿವಿ ಜಾಹೀರಾತಿನಿಂದ ಅಲ್ಲ.

ಈಗ ಆ ಹಳದಿ ಕ್ಯಾನು. ಇಂಥ ಅಗ್ಗದ ಲಿಕ್ವಿಡ್ ಸಾಮಾನ್ಯವಾಗಿ ಮಾಡೋದು ಆಸಿಡ್ ಸ್ಲರಿ ಅನ್ನೋ ಕಪ್ಪು ದ್ರವದಿಂದ. ಅದಕ್ಕೆ ಕಾಸ್ಟಿಕ್ ಸೋಡಾ ಸೇರಿಸಿ ಆಮ್ಲ ತೆಗೀಬೇಕು, ಗಟ್ಟಿ ಕಾಣಲಿ ಅಂತ ಉಪ್ಪು, ಮೇಲೆ ಬಣ್ಣ, ಸೆಂಟು. ಅಳತೆ ಸರಿಯಾಗಿದ್ರೆ ಅದು ಎಲ್ಲ ಡಿಟರ್ಜೆಂಟಿನ ಹಾಗೆ ಒಂದು ಡಿಟರ್ಜೆಂಟು. ಕೈ ಅಂದಾಜಲ್ಲಿ ಕಾಸ್ಟಿಕ್ ಜಾಸ್ತಿ ಸುರಿದ್ರೆ? ಅದು ನೇರ ಅಮ್ಮನ ಬೆರಳಿಗೆ.

ಇದನ್ನ ಮನೇಲೇ ನೋಡೋಕೆ ಒಂದು ಉಪಾಯ ಇದೆ. ಹುಳಿ ಕಲೆ ಆದ ಪಂಚೆಗೆ ಸೋಪು ಹಚ್ಚಿದ್ರೆ ಅರಿಶಿನದ ಕಲೆ ಕೆಂಪಾಗುತ್ತಲ್ಲ, ಅದೇ. ಅರಿಶಿನಕ್ಕೆ ಸುಣ್ಣ ಸೇರಿ ಕುಂಕುಮ ಆಗೋದೂ ಹೀಗೇ. ಕ್ಷಾರ ತಾಗಿದ್ರೆ ಅರಿಶಿನ ಕೆಂಪು. ತಮ್ಮನಿಗೆ ಹೇಳಿ ಒಂದು ಸಣ್ಣ ಬಾಟಲಲ್ಲಿ ಆ ಲಿಕ್ವಿಡ್ ಬಸ್ಸಲ್ಲಿ ತರಿಸಿದೆ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ ಒಂದೊಂದು ತೊಟ್ಟು ಹಾಕಿದೆ. ನಮ್ಮನೆ ಬಾಟಲಿಂದು, ಹಳದಿಯಾಗೇ ಉಳೀತು. ಬಟ್ಟೆ ಸೋಪು, ಕೆಂಪು. ಊರ ಕ್ಯಾನಿಂದು..... ಕಡುಗೆಂಪು! ಅಮ್ಮ ಬಗ್ಗಿ ನೋಡಿ "ಕುಂಕುಮ ಮಾಡಕ್ಕೆ ಹೊರಟಿದೀಯೇನೋ?" ಅಂದ್ಲು. ಆಮೇಲೆ ತನ್ನ ಕೈ ನೋಡ್ಕೊಂಡ್ಲು. ಮತ್ತೇನೂ ಹೇಳಲಿಲ್ಲ.

ಹಾಗಂತ ಹಳದಿ ಉಳಿದದ್ದೆಲ್ಲ ಒಳ್ಳೇದು ಅಂತೇನಿಲ್ಲ. ಅರಿಶಿನ ಹೇಳೋದು ಕ್ಷಾರದ ಕಥೆ ಮಾತ್ರ. ಮಿಕ್ಕಿದ್ದಕ್ಕೆ ಅಂಗಡಿಗೆ ಹೋದೆ. ಅಲ್ಲಿ ನೋಡಿದ್ರೆ ಒಂದು ಸಾಲು ಪೂರ್ತಿ ಎಲೆ, ನಿಂಬೆಹಣ್ಣು, ಬೇವಿನ ಚಿತ್ರಗಳು! ನಾನ್ ಟಾಕ್ಸಿಕ್, ಆರ್ಗಾನಿಕ್, ಕೆಮಿಕಲ್ ಫ್ರೀ.... ನೀರೇ ಒಂದು ಕೆಮಿಕಲ್ಲು, ಅದಿಲ್ಲದೆ ಲಿಕ್ವಿಡ್ ಹೇಗೆ ಮಾಡಿದ್ರೋ! ತಿರುಗಿಸಿ ನೋಡಿದ್ರೆ ಕೆಲವದರಲ್ಲಿ ಒಳಗೇನಿದೆ ಅನ್ನೋ ಪೂರ್ತಿ ಪಟ್ಟೀನೇ ಇಲ್ಲ. ಪಟ್ಟಿ ಇದ್ದವುಗಳನ್ನ ಮಾತ್ರ ಬುಟ್ಟಿಗೆ ಹಾಕ್ಕೊಂಡೆ. ಇದೇ ನನ್ನ ಮೊದಲನೇ ಜರಡಿ.

ಓದ್ತಾ ಓದ್ತಾ ಗೊತ್ತಾದ ನಾಲ್ಕು ವಿಷಯ ಹೇಳ್ತೀನಿ.

"ತೆಂಗಿನಿಂದ ಮಾಡಿದ್ದು" ಅಂದ ತಕ್ಷಣ ತಿಪಟೂರಿನ ಕೊಬ್ಬರಿ ನೆನೆಸ್ಕೊಂಡು ಕರಗಬೇಡಿ. ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದ ಮಾಡಬಹುದು. ಚರ್ಮದ ಪ್ರಯೋಗಗಳಲ್ಲಿ ಬೇಕಂತಲೇ ಉರಿ ಎಬ್ಬಿಸೋಕೆ ಡಾಕ್ಟರುಗಳು ಬಳಸೋದು ಅದನ್ನೇ! ಅದರ ತಮ್ಮ ಲಾರೆತ್ ಸಲ್ಫೇಟ್ ಚೂರು ಸೌಮ್ಯ, ಆದ್ರೆ ಅದನ್ನ ಮಾಡೋವಾಗ 1,4 ಡಯಾಕ್ಸೇನ್ ಅನ್ನೋ ಕಲ್ಮಶ ಸೂಕ್ಷ್ಮ ಪ್ರಮಾಣದಲ್ಲಿ ಉಳಿಯಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2023ರ ಕೊನೆಯಿಂದ ಮನೆ ಶುಚಿ ಮಾಡೋ ಸಾಮಾನುಗಳಲ್ಲಿ ಅದಕ್ಕೆ ಹತ್ತು ಲಕ್ಷಕ್ಕೆ ಒಂದು ಭಾಗ ಅಂತ ಮಿತಿ ಹಾಕಿದೆ.

ಕೊಳೆಯದ ಹಾಗೆ ಹಾಕೋ ಮೀಥೈಲ್ ಐಸೊಥಯಾಜೋಲಿನೋನ್ (ಉಸಿರು ಬಿಡಿ!) ಬಹಳ ಜನಕ್ಕೆ ಅಲರ್ಜಿ ಮಾಡಿದೆ. ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ಅದನ್ನ ವರ್ಷದ ಅಲರ್ಜಿಕಾರಕ ಅಂತ ಆರಿಸಿತ್ತು. ಅದರ ಜೊತೆಗಾರ ಸೆಂಟು. ನಿಂಬೆ ವಾಸನೆಗೂ ಪಾತ್ರೆ ಬೆಳಗೋದಕ್ಕೂ ಸಂಬಂಧ ಇಲ್ಲ.

ಕೀಟಾಣು ಕೊಲ್ಲುತ್ತೆ ಅನ್ನೋದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 2016ರಲ್ಲಿ ಅಮೆರಿಕದ ಎಫ್‌ಡಿಎ ಕೈ ತೊಳೆಯೋ ಸೋಪುಗಳಿಂದ ಟ್ರೈಕ್ಲೋಸಾನ್ ಸೇರಿ 19 ಕೀಟಾಣುನಾಶಕಗಳನ್ನ ತೆಗೆಸಿತು, ಸಾದಾ ಸೋಪು ನೀರಿಗಿಂತ ಮೇಲು ಅನ್ನೋದಕ್ಕೆ ಪುರಾವೆ ಸಾಲದು ಅಂತ.

ಗ್ಲುಕೋಸೈಡ್ ಅಂತ ಕೊನೆಯಾಗೋ ಹೆಸರುಗಳು ಸಾಮಾನ್ಯವಾಗಿ ಕೈಗೆ ಮೃದು. ಅದಕ್ಕೂ ಅಲರ್ಜಿ ಆಗೋರು ಇದಾರೆ, 2017ರ ವರ್ಷದ ಅಲರ್ಜಿಕಾರಕ ಅದೇ! ಎಲ್ಲರಿಗೂ ಸುರಕ್ಷಿತ ಅನ್ನೋ ಸೋಪು ಇಲ್ಲ, ನಮ್ಮ ಕೈಗೆ ಆಗೋ ಸೋಪು ಇರಬಹುದು ಅಷ್ಟೆ.

ಸರ್ಕಾರದ ಗುರುತು ಏನೂ ಇಲ್ವಾ ಅಂದ್ರೆ, ಇದೆ. 1991ರಲ್ಲೇ ಇಕೋಮಾರ್ಕ್ ಅಂತ ಮಾಡಿ ಅದಕ್ಕೆ ಮಣ್ಣಿನ ಮಡಕೆ ಚಿತ್ರ ಇಟ್ರು, ಸಾಬೂನು ಡಿಟರ್ಜೆಂಟು ಅದರೊಳಗೆ ಬರ್ತಿತ್ತು. 2024ರಲ್ಲಿ ಹೊಸ ನಿಯಮಾನೂ ಬಂತು. ನಾನು ಹುಡುಕಿದ ಅಂಗಡೀಲಿ ಆ ಮಡಕೆ ಒಂದು ಬಾಟಲ ಮೇಲೂ ಕಾಣಲಿಲ್ಲ.

ಮಧ್ಯೆ ಅಂಟುವಾಳದ ಪ್ರಯೋಗವೂ ಆಯ್ತು. ಕಾಯಿ ನೆನೆಸಿ, ಕುದಿಸಿ, ಕಿವುಚಿ, ಸೋಸಿದೆ. ನೊರೆ ಬಂತು, ಲೋಟ ತಟ್ಟೆ ಚೆನ್ನಾಗೇ ಆಯ್ತು. ಬಾಣಲೆ ಮುಂದೆ ಮಾತ್ರ ಸೋತೆ. ಮೂರನೇ ದಿನ ಲಿಕ್ವಿಡ್ಡು ಹುಳಿತು. ಕೊಳೆಯದ ಹಾಗೆ ಏನಾದ್ರೂ ಹಾಕಬೇಕಾಗುತ್ತೆ ಅನ್ನೋದು ಆಗ ಅರ್ಥ ಆಯ್ತು! ಇನ್ನೊಂದು ವಿಷಯ, ಅಂಟುವಾಳದ ಸಪೋನಿನ್ ಮೀನಿಗೆ ವಿಷ. ಗಿಡದ ಕಾಯಿ ಅಂದ ಮಾತ್ರಕ್ಕೆ ಕೆರೆಗೆ ಸುರಿಯೋ ಹಾಗಿಲ್ಲ. ಕೆರೆ ವಿಷಯಕ್ಕೆ ಬಂದ್ರೆ ಬೆಂಗಳೂರಿನವರು ಬಾಯಿ ಬಿಡೋ ಹಾಗೇ ಇಲ್ಲ ಬಿಡಿ. ನಮ್ಮ ಸಿಂಕಿನ, ಬಚ್ಚಲಿನ ನೀರೆಲ್ಲ ಸೇರಿ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿತ್ತಲ್ಲ.

ಕೊನೆಗೆ ನಮ್ಮನೇಲಿ ಆದ ತೀರ್ಮಾನ ಇಷ್ಟು. ಪೂರ್ತಿ ಪಟ್ಟಿ ಇರೋ, ಬಣ್ಣ ಇಲ್ಲದ, ವಾಸನೆ ಇಲ್ಲದ ಲಿಕ್ವಿಡ್. ಅರ್ಧ ಚಮಚ ಒಂದು ಬಟ್ಟಲು ನೀರಲ್ಲಿ ಕಲಸಿಟ್ಟು ಅದರಲ್ಲಿ ಗುಂಜು ಅದ್ದೋದು, ನೇರ ಪಾತ್ರೆ ಮೇಲೆ ಸುರಿಯೋದಿಲ್ಲ. ಜಿಡ್ಡಿನ ಪಾತ್ರೆ ಮೊದಲು ಹಳೇ ಪೇಪರಲ್ಲಿ ಒರೆಸಬೇಕು. ಹಿಟ್ಟಿನ ತಪ್ಪಲೆಗೆ ಸೋಪೇ ಬೇಡ, ನೆನೆಸಿದ್ರೆ ಸಾಕು. ಇಷ್ಟು ಮಾಡಿದ್ರೆ ಮೊದಲು ಸುರೀತಿದ್ದ ಸೋಪಲ್ಲಿ ಕಾಲು ಭಾಗವೂ ಬೇಕಾಗಲ್ಲ. ಯಾವ ಬ್ರ್ಯಾಂಡು ಅನ್ನೋದಕ್ಕಿಂತ ಎಷ್ಟು ಅನ್ನೋದೇ ದೊಡ್ಡದು ಅಂತ ಈಗ ಅನ್ಸುತ್ತೆ.

ಇದೆಲ್ಲ ಹೇಗೆ ಗೊತ್ತಾಯ್ತು ಅಂದ್ರೆ, ಆ ಒಂದು ತಿಂಗಳು ಪಾತ್ರೆ ತೊಳೆದಿದ್ದು ನಾನು! ಅಮ್ಮ ಮೊದಲೆರಡು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಸಂಕಟ ಪಟ್ಲು. ಮೂರನೇ ದಿನದಿಂದ "ತಳ ಸರಿಯಾಗಿ ತಿಕ್ಕು, ಹಿಡಿ ಹತ್ರ ಮಸಿ ಹಂಗೇ ಐತೆ" ಅಂತ ಮೇಸ್ತ್ರಿ ಆದ್ಲು. ಇಪ್ಪತ್ತೈದನೇ ದಿನ ಇರ್ಬೇಕು, ರಾತ್ರಿ ಊಟಕ್ಕೆ ಕೂತು "ಎಲ್ಲಿ, ನಂಗೂ ಅರ್ಧ ಹಿಟ್ಟು ಹಾಕು" ಅಂದ್ಲು. ಮುರಿದು, ಅವರೇಕಾಳು ಸಾರಲ್ಲಿ ಅದ್ದಿ ನುಂಗಿದ್ಲು. ನನ್ನಾಕೆ ನನ್ನ ಮುಖ ನೋಡಿದ್ಲು, ನಾನು ತಟ್ಟೆ ನೋಡ್ಕೊಂಡು ಉಂಡೆ.

ಹೋಗೋವಾಗ ಚೀಲಕ್ಕೆ ಎರಡು ಬಾಟಲು, ಒಳಗೆ ಬಟ್ಟೆ ಇರೋ ಒಂದು ಜೊತೆ ಗ್ಲೌಸು ಹಾಕಿ ಕಳಿಸಿದೆ. ಊರಿಂದ ಫೋನ್ ಬಂದಾಗ ಮೊದಲು ಕೇಳಿದ್ದು "ಗ್ಲೌಸು ಹಾಕ್ಕೊಂತಿದೀಯಾ?" ಅಂತ. "ಅದನ್ನ ಹಾಕ್ಕೊಂಡ್ರೆ ಪಾತ್ರೆ ಜಾರ್ತದೆ" ಅಂತ ಮಾತು ಹಾರಿಸಿದ್ಲು. ಸರಿ, ಎಮ್ಮೆ? ಪಾತ್ರೆ ಗಲಬರಿಸಿದ ಮೊದಲನೇ ನೀರು, ಸೋಪು ತಾಗದ್ದು, ಬಾನಿಗೆ. ಸೋಪಿನ ನೀರು ಬೇರೆ ಕಾಲುವೇಲಿ ಹಿತ್ತಲಿಗೆ. ತಮ್ಮ ಹಾಗೆ ಮಾಡಿಕೊಟ್ಟಿದಾನಂತೆ.

"ಕುಡೀತಾ?"

"ಬಾನಿ ನೆಕ್ಕಿಬಿಡ್ತದೆ. ಆ ಮೂಕಪ್ರಾಣಿ ಯುಗಾದಿಗೇ ಹೇಳಿತ್ತು ಕಣೋ. ನಾನೇ ಕೇಳಿಸ್ಕೊಳ್ಳಲಿಲ್ಲ."

ಕೇಳಿಸ್ಕೊಳ್ಳದವನು ಇನ್ನೊಬ್ಬನೂ ಇದ್ದ ಅಂತ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅಮ್ಮ ಹಾಲು ಕರೆಯೋಕೆ ಹೊತ್ತಾಯ್ತು ಅಂತ ಫೋನ್ ಇಟ್ಲು.

ನಿಮ್ಮ ಮನೇಲಿ ಪಾತ್ರೆ ತೊಳೆಯೋರ ಕೈ ಹೇಗಿದೆ? ಒಂದ್ಸಲ ಬಿಡಿಸಿ ನೋಡಿ.