ಹಳೆಯ ಪಟವೂ ಹೊಸ ಯಂತ್ರವೂ

ಸಂಸಾರಸ್ಥನಿಗೆ ಹವ್ಯಾಸವೊಂದಿದ್ದರೆ ಅದರ ತೊಂದರೆಯೆಲ್ಲ ಮನೆಯವರ ಪಾಲಿಗೆ. ಸಂಗೀತದ ಹುಚ್ಚಿನವನು ಬೆಳಗಿನ ನಿದ್ರೆಯನ್ನು ಕೆಡಿಸುವನು. ತೋಟದ ಹುಚ್ಚಿನವನು ನಡುಮನೆಗೆ ಕೆಸರನ್ನು ತರುವನು. ನಮ್ಮದು ಛಾಯಾಗ್ರಹಣದ ಹುಚ್ಚು. ಹಬ್ಬದ ದಿನ ಎಲೆಗೆ ಬಡಿಸಿದ ಮೇಲೆಯೂ "ಒಂದು ನಿಮಿಷ, ಬೆಳಕು ಚೆನ್ನಾಗಿದೆ" ಎಂದು ಹಸಿದವರನ್ನು ತಡೆಯುವ ನಮ್ಮ ಈ ಅಭ್ಯಾಸವನ್ನು ಮನೆಯವರು ಬಹುಕಾಲದಿಂದ ಸಹಿಸಿಕೊಂಡು ಬಂದಿರುವರು. ಕ್ಯಾಮರಾದಿಂದ ನಮಗೆ ಕಾಸು ಹುಟ್ಟಿದ್ದಿಲ್ಲ. ಖರ್ಚಾದುದು ಮಾತ್ರ ಉಂಟು.

ಈಚೆಗೆ ಈ ಹುಚ್ಚಿನ ಮುಕ್ಕಾಲುಪಾಲು ನಡೆಯುವುದು ಕಂಪ್ಯೂಟರಿನ ಮುಂದೆ. ಈಗಿನ ಚಿತ್ರವೆಂದರೆ ಅಂಕೆಗಳ ರಾಶಿಯೇ ಹೊರತು ಬೇರೆಯಲ್ಲ. ಅಮೆರಿಕದ ಕೊಡಾಕ್ ಕಂಪೆನಿಯಲ್ಲಿ ಇಂಜಿನಿಯರಾಗಿದ್ದ ಸ್ಟೀವನ್ ಸ್ಯಾಸನ್ ಎಂಬವರು 1975ರಲ್ಲಿ ಫಿಲ್ಮಿಲ್ಲದ ಕ್ಯಾಮರಾವೊಂದನ್ನು ಕಟ್ಟಿದಾಗ ಅದರ ಚಿತ್ರದಲ್ಲಿದ್ದುದು ಕೇವಲ 10,000 ಚುಕ್ಕೆಗಳು. ಅದನ್ನು ಕ್ಯಾಸೆಟ್ಟಿನ ಟೇಪಿಗೆ ಬರೆದುಕೊಳ್ಳಲು 23 ಸೆಕೆಂಡು ಹಿಡಿಯುತ್ತಿದ್ದಿತಂತೆ. ಇಂದು ಮಕ್ಕಳ ಕೈಯ ಮೊಬೈಲು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೋಟಿಗೆ ಮೀರಿದ ಚುಕ್ಕೆಗಳನ್ನು ಹಿಡಿದಿಡುವುದು. ಅವುಗಳನ್ನು ತಿದ್ದುವ ತಂತ್ರಾಂಶಗಳಲ್ಲಿ ಹೆಸರಾದ ಫೋಟೋಶಾಪ್ ಬಂದದ್ದು 1990ರಲ್ಲಿ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಗಿಂಪ್ ಜನರ ಕೈಗೆ ಬಂದದ್ದು 1996ರಲ್ಲಿ. ಹಣ ಬಿಚ್ಚಲೊಲ್ಲದ ನಾವು ಎರಡನೆಯದರ ಪಕ್ಷದವರೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ತಿದ್ದುವುದು ಎಲ್ಲಿಯವರೆಗೆ? ಈ ಪ್ರಶ್ನೆ ನಮ್ಮನ್ನು ನಿಜವಾಗಿ ಕಾಡಿದ್ದು ನಮ್ಮ ತಾಯಿಯ ತಾಯಿಯ ಪಟವೊಂದರಿಂದ. ಆಕೆ ನಾವು ಹುಟ್ಟುವ ಮೊದಲೇ ತೀರಿಕೊಂಡವರು. 1952ರಲ್ಲಿ ಮದುವೆಯೊಂದಕ್ಕಾಗಿ ಪಟ್ಟಣಕ್ಕೆ ಬಂದಾಗ ಸ್ಟುಡಿಯೋದಲ್ಲಿ ಕುಳ್ಳಿರಿಸಿ ತೆಗೆಸಿದ ಆ ಒಂದೇ ಪಟವುಳಿದಿದೆ. ಅದು ಹತ್ತಾರು ಮಳೆಗಾಲಗಳನ್ನು ತೇವದ ಗೋಡೆಯ ಮೇಲೆಯೇ ಕಳೆಯಿತು. ಬೂಷ್ಟು ಹಿಡಿದು, ಎಡಗೆನ್ನೆಯೂ ಆ ಕಣ್ಣಿನ ಕೊನೆಯೂ ಎದ್ದುಹೋಗಿವೆ. ಆ ಮುಖವನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ನಮ್ಮ ಚಿಕ್ಕಮ್ಮನವರೊಬ್ಬರೇ.

ಇಂಥ ಪಟಗಳು ಎಷ್ಟೋ ಮನೆಗಳಲ್ಲಿರುವುದರಿಂದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ಪಟವು ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬಾರದು. ಗಾಜಿನ ಸಮೇತವೇ ಪ್ರತಿ ತೆಗೆಯುವುದು ಲೇಸು. ನಮ್ಮದು ಅಂಟಿರಲಿಲ್ಲ, ಪುಣ್ಯ. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಆ ಪಟವನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದೆವು. ಒಟ್ಟು 86 ಲಕ್ಷ 40 ಸಾವಿರ ಚುಕ್ಕೆಗಳಾದುವು. ಕಪ್ಪುಬಿಳುಪಿನ ಪಟವನ್ನು ಬಣ್ಣದ ಪಟದಂತೆಯೇ ಸ್ಕ್ಯಾನ್ ಮಾಡಬೇಕೆಂಬುದನ್ನು ಅನೇಕರು ಅರಿಯರು. ಅದರಲ್ಲೊಂದು ಗುಟ್ಟಿದೆ. ಬಣ್ಣದ ಚಿತ್ರವು ಕೆಂಪು, ಹಸಿರು, ನೀಲಿಗಳೆಂಬ ಮೂರು ಪದರಗಳಿಂದಾದುದು. ಹಳದಿಯಾದ ಕಲೆಯು ನೀಲಿಯ ಪದರದಲ್ಲಿ ಕರ್ರಗೆ ಎದ್ದು ಕಾಣುವುದು. ಕೆಂಪಿನ ಪದರದಲ್ಲಿ ಬಹುಮಟ್ಟಿಗೆ ಮಾಯವಾಗುವುದು. ಕೆಂಪನ್ನು ಮಾತ್ರ ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ. ಕುಂಚವನ್ನು ಮುಟ್ಟದೆ, ಸುಳ್ಳನ್ನೂ ಹೇಳದೆ ಕಲೆ ತೆಗೆಯುವ ಈ ಉಪಾಯವು ನಮಗೆ ಇಂದಿಗೂ ಸೋಜಿಗವನ್ನುಂಟುಮಾಡುವುದು. ಇನ್ನೊಂದು: ಮೂಲದ ಕಡತವನ್ನು ಟಿಫ್ ರೂಪದಲ್ಲಿಟ್ಟು ಅದನ್ನು ಮುಟ್ಟದಿರಬೇಕು. ಜೆಪೆಗ್ ಎಂಬ ರೂಪವು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳನ್ನಾಗಿ ಒಡೆದು, ಕಣ್ಣಿಗೆ ಬೇಗ ಕಾಣದ ಸೂಕ್ಷ್ಮಗಳನ್ನು ಎಸೆದುಬಿಡುವುದು. ತಿದ್ದಿ ತಿದ್ದಿ ಉಳಿಸಿದಷ್ಟೂ ಚಿತ್ರ ಸವೆಯುವುದು.

ನಾವು ಇಷ್ಟರ ಸಿದ್ಧತೆಯಲ್ಲಿರುವಾಗ ನಮ್ಮ ಅಕ್ಕನ ಮಗನು ಬಂದನು. "ಇದಕ್ಕೆಲ್ಲ ಇಷ್ಟು ಒದ್ದಾಟವೇಕೆ ಮಾವ? ಕೊಡಿ ಇಲ್ಲಿ" ಎಂದು ಪಟವನ್ನು ಮೊಬೈಲಿಗೆ ಹಿಡಿದು ಅದಾವುದೋ ತಂತ್ರಾಂಶಕ್ಕೆ ಒಪ್ಪಿಸಿದನು. ಕಾಫಿ ಆರುವಷ್ಟರಲ್ಲಿ ಬಿರುಕು ಹೋಗಿದ್ದಿತು, ಬೂಷ್ಟು ಹೋಗಿದ್ದಿತು. ಕೆನ್ನೆ ತುಂಬಿಕೊಂಡು, ಕಣ್ಣುಗಳೆರಡೂ ಹೊಳೆಯುತ್ತಿದ್ದುವು. ಮನೆಯವರೆಲ್ಲರೂ ಬೆರಗಾದರು. ನಾವೂ ಬೆರಗಾದೆವೆನ್ನಬೇಕು.

ಸಂಜೆ ಅದನ್ನು ಚಿಕ್ಕಮ್ಮನವರಿಗೆ ತೋರಿಸಿದೆವು. ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿದರು. "ಲಕ್ಷಣವಾಗಿದ್ದಾಳೆ. ಯಾರಪ್ಪ ಈಕೆ?" ಎಂದರು. ನಿಮ್ಮಮ್ಮನೇ ಎಂದು ಹೇಳಿದ ಮೇಲೆ ಮತ್ತೆ ನೋಡಿ, "ಮೂಗುಬೊಟ್ಟೆಲ್ಲಿ? ಅಮ್ಮ ಅದನ್ನು ತೆಗೆದದ್ದನ್ನು ನಾನು ಕಂಡೇ ಇಲ್ಲ" ಎಂದರು. ಮೂಲದ ಪಟವನ್ನು ತಂದು ನೋಡಿದರೆ ಮೂಗುಬೊಟ್ಟು ಇದ್ದಿತು. ಯಂತ್ರವು ಅದನ್ನು ಧೂಳಿನ ಚುಕ್ಕೆಯೆಂದು ಬಗೆದು ಒರೆಸಿಹಾಕಿದ್ದಿತು!

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಲಕ್ಷಾಂತರ ಮುಖಗಳನ್ನು ಕಂಡು ಕಲಿತ ಯಂತ್ರವದು. ಹರಿದಲ್ಲಿ ಏನಿದ್ದಿತೆಂಬುದು ಅದಕ್ಕೆ ತಿಳಿಯದು, ಸಾಮಾನ್ಯವಾಗಿ ಏನಿರುವುದೆಂಬುದು ಮಾತ್ರ ತಿಳಿಯುವುದು. ಹಿಂದಿನವರೆಲ್ಲ ಸತ್ಯಸಂಧರಾಗಿದ್ದರೆಂದು ನಾವು ವಾದಿಸುವವರೂ ಅಲ್ಲ. ಇಂಗ್ಲೆಂಡಿನಲ್ಲಿ ನೆಲಸಿದ್ದ ರೈಲಾಂಡರ್ ಎಂಬವನು 1857ರಷ್ಟು ಹಿಂದೆಯೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದನು. ಸ್ಟುಡಿಯೋಗಳಲ್ಲಿ ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಾಡಿಸಿ ಮುಖದ ಸುಕ್ಕುಗಳನ್ನು ಅಳಿಸುತ್ತಿದ್ದುದುಂಟು. ಆದರೆ ಹಾಗೆ ಅಳಿಸಿದವನು ಎದುರಿಗೆ ಕುಳಿತವರನ್ನು ನೋಡಿದ್ದನು; ಅವರೂ ಪಟವನ್ನು ಕೈಯಲ್ಲಿ ಹಿಡಿದು, ಇದು ನಾನಲ್ಲವೆಂದು ಜಗಳವಾಡಬಹುದಾಗಿತ್ತು. ಇನ್ನು, ಮೊಬೈಲುಗಳು ನಮ್ಮ ಎಣ್ಣೆಗೆಂಪಿನ ಮಕ್ಕಳನ್ನೆಲ್ಲ ಕೇಳದೆಯೇ ಹಾಲುಬಿಳುಪಾಗಿ ಮಾಡಿ ತೋರಿಸುವ ಚಾಳಿಯೊಂದಿದೆಯಷ್ಟೆ; ಅದರ ವಿಷಯ ಬರೆಯಹೊರಟರೆ ನಮ್ಮ ಭಾಷೆ ಕೆಡುವುದು.

ಚಿಕ್ಕಮ್ಮನವರ ತರುವಾಯ ಗೋಡೆಯ ಮೇಲೆ ಯಾವ ಮುಖವಿರುವುದೋ ಅದೇ ಅಜ್ಜಿಯ ಮುಖವೆಂದು ಮನೆಯ ಮಕ್ಕಳು ನಂಬುವರು. ಅಲ್ಲವೆನ್ನಬಲ್ಲವರು ಆಗ ಯಾರಿರುವರು? ಆದುದರಿಂದ ನಾವು ಒಂದು ಗೆರೆ ಎಳೆದುಕೊಂಡೆವು. ಗಿಂಪಿನಲ್ಲಿ ಒಂದೆಡೆಯ ಚುಕ್ಕೆಗಳನ್ನು ಎತ್ತಿ ಇನ್ನೊಂದೆಡೆ ಬಳಿಯುವ ಕ್ಲೋನ್ ಎಂಬ ಕುಂಚವಿದೆ. ಅದರಿಂದ ಹಿನ್ನೆಲೆಯ ಪರದೆಯನ್ನೂ ಸೀರೆಯನ್ನೂ ಸರಿಪಡಿಸಿದೆವು. ಸೀರೆಯ ಅಂಚು ಒಂದು ಗೇಣಿನಲ್ಲಿ ಹೇಗಿರುವುದೋ ಮುಂದಿನ ಗೇಣಿನಲ್ಲಿಯೂ ಹಾಗೆಯೇ ಇರುವುದು; ನೇಯ್ದವನೇ ಸಾಕ್ಷಿ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಯನ್ನು ಹಾಗೆ ಊಹಿಸಲು ಬರುವುದಿಲ್ಲ. ಮುಖದಲ್ಲಿ ಉಳಿದಿದ್ದುದನ್ನು ಮಾತ್ರ ತುಸು ಸ್ಪಷ್ಟಗೊಳಿಸಿ, ಹೋದುದನ್ನು ಮಾಸಲು ಬೂದಿಬಣ್ಣವಾಗಿ ಹಾಗೆಯೇ ಬಿಟ್ಟೆವು. ಹನ್ನೆರಡು ಸಂಜೆಗಳ ಕೆಲಸವಾಯಿತು. ಹುಡುಗನ ಚಿತ್ರವನ್ನೂ ಅಳಿಸಲಿಲ್ಲ; "ಯಂತ್ರದ ಊಹೆ" ಎಂದು ಹೆಸರಿಟ್ಟು ಬೇರೆಯಾಗಿ ಇಟ್ಟಿರುವೆವು.

ನಮ್ಮ ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಚಿಕ್ಕಮ್ಮನವರ ಕೈಗೆ ಕೊಟ್ಟಾಗ ಅವರು ಯಾರೆಂದು ಕೇಳಲಿಲ್ಲ. ಆ ಬೂದಿಬಣ್ಣದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ, ಕಣ್ಣಿನ ಕೆಳಗೆ, ಒಂದು ಮಚ್ಚೆಯಿತ್ತು" ಎಂದರು. ಪಕ್ಕದಲ್ಲಿದ್ದ ಹುಡುಗನು ಉತ್ಸಾಹದಿಂದ, "ಎಷ್ಟು ದೊಡ್ಡದು ಚಿಕ್ಕಜ್ಜಿ? ಈಗಲೇ ಇಟ್ಟುಬಿಡುವೆನು" ಎಂದನು. ಚಿಕ್ಕಮ್ಮ ಸ್ವಲ್ಪ ಯೋಚಿಸಿ, "ಎಳ್ಳಿನಷ್ಟು. ಇಡಬೇಡಪ್ಪ, ಬರೆದಿಟ್ಟುಕೊ" ಎಂದರು. ಪಟದ ಬೆನ್ನಿಗೆ ಸೀಸದ ಕಡ್ಡಿಯಿಂದ, ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಮಚ್ಚೆ, ಹೇಳಿದವರು ಮಗಳು, ಎಂದು ತಾರೀಖು ಸಮೇತ ಅವನೇ ಬರೆದನು.