ಏಳು ಗಂಟೆಯ ಮುಖ

ಬೆಳಗಿನ ಏಳರ ವಾರ್ತೆಯನ್ನು ಟೀವಿಯಲ್ಲಿ ಯಾರೂ ನೋಡುವುದಿಲ್ಲ. ಅದನ್ನು ಓದಿಯೇ ಅನ್ನ ತಿಂದವಳು ನಾನು, ಧೈರ್ಯವಾಗಿ ಹೇಳಬಲ್ಲೆ. ಮುಖಕ್ಕೆ ಮೇಕಪ್ಪು, ಸೆರಗಿಗೆ ಪಿನ್ನು, ಕೂದಲು ಅಲುಗದಂತೆ ಸ್ಪ್ರೇ, ಇಷ್ಟೆಲ್ಲ ಮುಗಿಸಿ ಕ್ಯಾಮೆರಾ ಮುಂದೆ ಕೂತರೆ ವೀಕ್ಷಕರು ಒಲೆಯ ಮುಂದೆ, ಬಚ್ಚಲಲ್ಲಿ, ಇಸ್ತ್ರಿಪೆಟ್ಟಿಗೆಯ ಹತ್ತಿರ. ಸೊಸೆ ಟೀವಿಯಲ್ಲಿ ಬರುತ್ತಾಳೆ ಎಂದು ಬೀದಿಗೆಲ್ಲ ಸಾರಿದ್ದ ನಮ್ಮತ್ತೆಯವರೂ ಸಂಜೆ ನನ್ನನ್ನೇ ಕೇಳುತ್ತಿದ್ದರು, "ಇವತ್ತು ಯಾವ ಸೀರೆ ಉಟ್ಟಿದ್ಯೇ?"

ಅಮೆರಿಕದಲ್ಲೂ ಹಾಗೇ. 1952ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿ 'ಟುಡೇ' ಎಂಬ ಬೆಳಗಿನ ಕಾರ್ಯಕ್ರಮ ಶುರುಮಾಡಿದಾಗ, ಬೆಳ್ಳಂಬೆಳಗ್ಗೆ ಟೀವಿ ಹಾಕುವವರು ಯಾರು ಎಂಬ ಅನುಮಾನ ಬಲವಾಗಿತ್ತು. ಡೇವ್ ಗ್ಯಾರೋವೇ ಎಂಬ ಸೊಗಸುಗಾರ ನಿರೂಪಕ ಎಷ್ಟು ಮಾತಾಡಿದರೂ ಸಾಲದೆ, ಮರುವರ್ಷ ಜೆ. ಫ್ರೆಡ್ ಮಗ್ಸ್ ಎಂಬ ಚಿಂಪಾಂಜಿ ಮರಿಯನ್ನು ತಂದು ಪಕ್ಕದಲ್ಲಿ ಕೂರಿಸಿದರು. ಜನ ಕಣ್ಣೆತ್ತಿ ನೋಡಿದರು. ನಮ್ಮಲ್ಲಿ ಬೆಳಗಿನ ಕುರ್ಚಿಗೆ ಜ್ಯೋತಿಷಿಗಳು ಬಂದರು. ಹೋಲಿಕೆ ಮಾಡುತ್ತಿಲ್ಲ, ಟಿಆರ್‌ಪಿಯ ಮಾತು ಹೇಳಿದೆ ಅಷ್ಟೇ.

ನಮಗೆ ಬೆಳಗಿನ ಸುದ್ದಿ ಅಂದರೆ ಆಕಾಶವಾಣಿಯೇ ಆಗಿತ್ತು. ಪ್ರದೇಶ ಸಮಾಚಾರ, ಆಮೇಲೆ 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಅಷ್ಟರಲ್ಲಿ ಅಪ್ಪನ ಶೇವಿಂಗ್ ಮುಗಿಯಬೇಕು. ದೂರದರ್ಶನ ಬೆಂಗಳೂರಿಗೆ 1981ರಲ್ಲಿ ಬಂದರೂ ಸಂಜೆಯ ನೆಂಟನಾಗಿಯೇ ಇತ್ತು. ದೆಹಲಿಯ ಬೆಳಗಿನ ಪ್ರಸಾರ ಆರಂಭವಾದದ್ದು 1987ರಲ್ಲಿ. 2006ರಿಂದೀಚೆಗೆ ಖಾಸಗಿ ಸುದ್ದಿ ವಾಹಿನಿಗಳು ಒಂದರ ಹಿಂದೊಂದು ಬಂದವು, ನನ್ನಂಥವರಿಗೆ ನಸುಕಿನ ಕ್ಯಾಬ್ ಬಂತು.

ಕ್ಯಾಮೆರಾ ಮುಂದಿನ ಓರೆ ಗಾಜಿನಲ್ಲಿ ಅಕ್ಷರಗಳು ಮೇಲೇರುತ್ತಿರುತ್ತವೆ. ಕಿವಿಯೊಳಗೆ ಪಿಸಿಆರ್ ಎಂಬ ನಿಯಂತ್ರಣ ಕೊಠಡಿಯಿಂದ ಪ್ರೊಡ್ಯೂಸರ್: "ಮೇಡಂ, ಫೋನೋ ಕಟ್ ಆಯ್ತು, ಸ್ವಲ್ಪ ಎಳೀರಿ." ಫೋನೋ ಎಂದರೆ ವರದಿಗಾರರ ಫೋನ್ ಮಾತು; ಎಳೆಯುವುದೆಂದರೆ ಮುಂದಿನ ಸುದ್ದಿ ಸಿದ್ಧವಾಗುವವರೆಗೆ ತಡವರಿಸದೆ ಮಾತಾಡುತ್ತಿರುವುದು. ಮಳೆಗಾಲದಲ್ಲಿ ನನ್ನ ಕೈಹಿಡಿಯುತ್ತಿದ್ದದ್ದು ಕೆಆರ್‌ಎಸ್. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್. ಅದನ್ನು ಎರಡೆರಡು ಸಲ, ನಿಧಾನವಾಗಿ ಓದಬೇಕೆಂದು ಹೇಳಿಕೊಟ್ಟವರು ರೇಡಿಯೋದಿಂದ ಬಂದ ಹಿರಿಯ ಸಹೋದ್ಯೋಗಿ. "ಮಂಡ್ಯದೋರು ಪರದೆ ನೋಡ್ತಾ ಕೂತಿರಲ್ಲಮ್ಮ, ಹಾಲು ಕರೀತಾ ಕೇಳ್ತಿರ್ತಾರೆ." ಅಂದಿನಿಂದ "ಈ ದೃಶ್ಯ ನೋಡಿ" ಅನ್ನುವುದನ್ನು ಕಡಿಮೆ ಮಾಡಿದೆ. ಅಂಕಿ, ಊರು, ಹೆಸರು ಇವುಗಳ ಉಚ್ಚಾರಕ್ಕೆ ಲಿಪ್‌ಸ್ಟಿಕ್ಕಿಗಿಂತ ಹೆಚ್ಚು ಹೊತ್ತು ಕೊಟ್ಟೆ.

ಕಣ್ಣು ಕೀಳದೆ ನೋಡುವವರೂ ಇದ್ದಾರೆ ಎಂದು ತಿಳಿದದ್ದು ಒಂದು ಜುಲೈಯಲ್ಲಿ, ಪುತ್ತೂರಿನ ಮದುವೆಮನೆಯಲ್ಲಿ. ಊಟದ ಪಂಕ್ತಿಯಲ್ಲಿ ಎದುರಿಗಿದ್ದ ಹುಡುಗ ಹೋಳಿಗೆ ಬಿಟ್ಟು ನನ್ನನ್ನೇ ದಿಟ್ಟಿಸುತ್ತಿದ್ದ.

"ಆಂಟಿ, ಮಳೆಗೆ ಶಾಲೆಗೆ ರಜೆ ಕೊಡುವುದು ನೀವೇ ಅಲ್ವಾ?"

"ಕೊಡೋದು ಡಿಸಿ ಕಣೋ. ನಾನು ಓದೋದು ಅಷ್ಟೆ."

ಅವನು ನಂಬಲಿಲ್ಲ. ಪಕ್ಕದ ತಂಗಿಯ ಕಡೆ ತಿರುಗಿ ಹೇಳಿದ: "ಇವರೇ. ಮೊನ್ನೆ ಬರೀ ಕೊಡಗು ಅಂತ ಹೇಳಿ ನಮ್ಮನ್ನು ಬಿಟ್ಟದ್ದು."