ಅಟ್ಟ, ಅಣುವ್ರತ ಮತ್ತು ಕೌದಿ

ತುಂಬು ಸಂಸಾರದ ಮನೆಯಲ್ಲಿ ಸಾಮಾನುಗಳು ಒಮ್ಮೆಲೇ ರಾಶಿ ಬೀಳುವುದಿಲ್ಲ. ‘ಮುಂದೆಂದಾದರೂ ಬೇಕಾದೀತು’ ಎಂಬ ಒಂದೇ ಮಾತಿನ ಬಲದಿಂದ ಅವು ಒಂದೊಂದಾಗಿ ಅಟ್ಟವೇರುತ್ತವೆ. ಅಟ್ಟವೆಂದರೆ ಛಾವಣಿಯ ಕೆಳಗೆ, ಕೈಗೆ ಸುಲಭವಾಗಿ ಎಟುಕದ ಎತ್ತರದಲ್ಲಿ ಸಾಮಾನಿಡಲು ಮಾಡಿದ ಜಾಗ. ಮದುವೆಯಲ್ಲಿ ಉಡುಗೊರೆಯಾಗಿ ಬಂದ, ಹೆಸರು ಹಾಕಿಸಿದ ಸ್ಟೀಲ್ ಡಬ್ಬಿ, ಹಿಡಿ ಮುರಿದ ಕುಕ್ಕರ್, ಮಕ್ಕಳ ಹಳೆಯ ನೋಟ್‌ಬುಕ್ಕುಗಳ ಕಟ್ಟು ಅಲ್ಲಿ ಧೂಳು ಹಿಡಿಯುತ್ತ ಕುಳಿತಿರುತ್ತವೆ. ಕಣ್ಣಿಗೆ ಬೀಳದ ವಸ್ತು ನೆನಪಿನಿಂದಲೂ ಜಾರುವುದರಿಂದ, ಇರುವುದನ್ನೇ ಮತ್ತೆ ಕೊಳ್ಳುವ ಪರಿಪಾಠ ಬೆಳೆಯುತ್ತದೆ.

ಈ ರಾಶಿಗೆ ಕಡಿವಾಣ ಹಾಕುವ ಯೋಚನೆ ಹೊಸದಲ್ಲ. ಜೈನ ಗೃಹಸ್ಥರಿಗೆ ಹೇಳಿರುವ 5 ಅಣುವ್ರತಗಳಲ್ಲಿ (ಕಿರು ವ್ರತಗಳಲ್ಲಿ) ಒಂದಾದ ಪರಿಗ್ರಹ ಪರಿಮಾಣವು, ಅಂದರೆ ತನ್ನ ಸ್ವತ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ನಿಯಮವು, ಮುನಿಗಳ ಸಂಪೂರ್ಣ ತ್ಯಾಗಕ್ಕಿಂತ ಭಿನ್ನವಾಗಿದ್ದು, ಸಂಸಾರದೊಳಗಿದ್ದೇ ಪಾಲಿಸಬಹುದಾದ ದಾರಿಯನ್ನು ತೋರಿಸುತ್ತದೆ. ಕಪಾಟಿನಲ್ಲಿ ಹಿಡಿಸುವಷ್ಟೇ ಬಟ್ಟೆ, ಹೊಸ ಪಾತ್ರೆಯೊಂದು ಬಂದಾಗ ಹಳೆಯದೊಂದಕ್ಕೆ ಬೀಳ್ಕೊಡುಗೆ ಎಂಬಂಥ ಕಟ್ಟುಪಾಡುಗಳಲ್ಲಿ ಅದೇ ತತ್ತ್ವ ಅಡಗಿದೆ.

ಹೊರಗೆ ಹಾಕುವುದೊಂದೇ ಉಪಾಯವಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿಯುವ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ; ಅಜ್ಜಿಯ ಇಳಕಲ್ ಸೀರೆಯ ಸೆರಗು ಮೊಮ್ಮಗುವಿನ ಹೊದಿಕೆಯ ಅಂಚಾದಾಗ, ಪೆಟ್ಟಿಗೆ ಬರಿದಾಗುತ್ತದೆ, ಆದರೆ ನೆನಪು ದಿನನಿತ್ಯದ ಬಳಕೆಯಲ್ಲಿ ಬೆಚ್ಚಗೆ ಉಳಿಯುತ್ತದೆ. ಆದುದರಿಂದ ಮನೆಯನ್ನು ಓರಣಗೊಳಿಸುವುದೆಂದರೆ ವಸ್ತುಗಳ ಮೇಲಿನ ಪ್ರೀತಿಯನ್ನು ಕಳೆದುಕೊಳ್ಳುವುದಲ್ಲ, ಪ್ರತಿಯೊಂದನ್ನೂ ಅದರ ಉಪಯೋಗಕ್ಕೆ ಮರಳಿಸಿ, ಮನೆಮಂದಿಗೆ ಓಡಾಡಲು ಜಾಗ ಬಿಟ್ಟುಕೊಡುವುದು.